ಅಂತರ್ಜಾಲ ಸಾಧನಗಳ ಕಲಿಕೆ ಪಾಠಯೋಜನೆಯೊಳಗೇ ನಡೆಯಲಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ತಂತ್ರಜ್ಞಾನದ ಬಳಕೆ ಎಷ್ಟಿರಬೇಕು ಎಂಬ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ ಬೇಡವೇ, ಪರದೆಯ ಮುಂದೆ ಅವರು ಎಷ್ಟು ಹೊತ್ತು ಕೂರಬಹುದು, ಪುಸ್ತಕದ ಜಾಗವನ್ನು ಟ್ಯಾಬ್ಲೆಟ್ ತುಂಬಬಲ್ಲದೇ ಎಂಬ ಪ್ರಶ್ನೆಗಳೆಲ್ಲ ಅಲ್ಲಿ ಬರುತ್ತವೆ. ಆದರೆ ಈ ಸಾಧನಗಳನ್ನು ತರಗತಿಯಲ್ಲಿ ಬಳಸಬೇಕಾದ ಶಿಕ್ಷಕರು ಅವನ್ನು ಎಲ್ಲಿ, ಯಾರಿಂದ, ಹೇಗೆ ಕಲಿಯುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವವರು ಅಪರೂಪ. ಶಿಕ್ಷಕ ತರಬೇತಿಯಲ್ಲಿರುವ ಒಬ್ಬ ಪ್ರಶಿಕ್ಷಣಾರ್ಥಿಯಾಗಿ ಆ ಪ್ರಶ್ನೆಯನ್ನು ಓದುಗರ ಮುಂದಿಡಬೇಕೆಂಬ ಉದ್ದೇಶದಿಂದ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಅಹವಾಲು ಇಷ್ಟು: ಅಂತರ್ಜಾಲ ಸಾಧನಗಳ ಕಲಿಕೆಯನ್ನು ಕಂಪ್ಯೂಟರ್ ಕೊಠಡಿಯಲ್ಲಿ ನಡೆಯುವ ಬೇರೆಯೇ ಒಂದು ವಿಷಯವಾಗಿ ಇಡುವುದನ್ನು ಬಿಟ್ಟು, ಗಣಿತ, ವಿಜ್ಞಾನ, ಭಾಷೆ, ಸಮಾಜ ವಿಜ್ಞಾನಗಳ ಬೋಧನಾ ವಿಧಾನದ ಒಳಗೇ, ಪಾಠಯೋಜನೆ ಮತ್ತು ಅಭ್ಯಾಸ ಪಾಠಗಳ ಭಾಗವಾಗಿಯೇ ಕಲಿಸಬೇಕು.

ನಾನು ಕಂಡಿರುವ ಕ್ರಮದಲ್ಲಿ ಪ್ರಶಿಕ್ಷಣಾರ್ಥಿಗಳು ಒಂದೊಂದು ಸಾಧನದ ಹೆಸರು ಕಲಿಯುತ್ತಾರೆ, ಅದರಲ್ಲಿ ಖಾತೆ ತೆರೆಯುತ್ತಾರೆ, ಒಂದು ಮಾದರಿ ತಯಾರಿಸುತ್ತಾರೆ, ಪರದೆಯ ಚಿತ್ರವನ್ನು ಮುದ್ರಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಾರೆ. ಅಂಟಿಸಿದ್ದಕ್ಕೆ ಅಂಕ ಸಿಗುತ್ತದೆ. ಅಭ್ಯಾಸ ಪಾಠದ ದಿನ ಅದೇ ಪ್ರಶಿಕ್ಷಣಾರ್ಥಿ ತರಗತಿಗೆ ಹೋದಾಗ ರೆಕಾರ್ಡಿನಲ್ಲಿದ್ದ ಸಾಧನಕ್ಕೂ ಕಪ್ಪುಹಲಗೆಯ ಮುಂದೆ ನಡೆಯುವ ಪಾಠಕ್ಕೂ ಯಾವ ಸಂಬಂಧವೂ ಇರುವುದಿಲ್ಲ, ಅಥವಾ ಪಾಠಯೋಜನೆಯ ‘ಬೋಧನೋಪಕರಣ’ ಎಂಬ ಕಾಲಂನಲ್ಲಿ ಪ್ರೊಜೆಕ್ಟರ್, ಸ್ಲೈಡ್, ವೀಡಿಯೊ ಎಂದು ಬರೆದು ಮುಗಿದಿರುತ್ತದೆ. ಸ್ಲೈಡಿನಲ್ಲಿ ಪಠ್ಯಪುಸ್ತಕದ ವಾಕ್ಯಗಳೇ ಇರುತ್ತವೆ. ಅವನ್ನೇ ಶಿಕ್ಷಕರು ಗಟ್ಟಿಯಾಗಿ ಓದುತ್ತಾರೆ. ಚಿತ್ರ ತೋರಿಸುತ್ತ ವಿವರಿಸುವಾಗ ಹೇಳುವ ಮಾತನ್ನೇ ಅಕ್ಷರಶಃ ಪರದೆಯ ಮೇಲೂ ತೋರಿಸಿದರೆ ಕಲಿಕೆಗೆ ಸಾಮಾನ್ಯವಾಗಿ ಅಡ್ಡಿಯೇ ಆಗುತ್ತದೆ ಎಂಬುದನ್ನು ಮನೋವಿಜ್ಞಾನಿ ರಿಚರ್ಡ್ ಮೇಯರ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳು ಎಂದೋ ತೋರಿಸಿವೆ. ಸ್ಲೈಡ್ ಮಾಡುವುದನ್ನು ಕಲಿಸಿದವರು ಇದನ್ನೂ ಜೊತೆಗೇ ಕಲಿಸಬೇಕಿತ್ತು. ಆದರೆ ಸ್ಲೈಡ್ ಕಂಪ್ಯೂಟರ್ ಅವಧಿಗೆ ಸೇರಿದ್ದು, ಕಲಿಕೆಯ ಮನೋವಿಜ್ಞಾನ ಇನ್ನೊಂದು ಅವಧಿಗೆ ಸೇರಿದ್ದು. ಎರಡೂ ಒಂದೆಡೆ ಕೂಡುವ ಅವಧಿ ವೇಳಾಪಟ್ಟಿಯಲ್ಲಿ ಇಲ್ಲ.

ನಾನು ಹೇಳುತ್ತಿರುವುದು ಹೊಸ ವಿಚಾರವಲ್ಲ. ವಿಷಯ ತಿಳಿದಿರುವುದು ಒಂದು, ಅದನ್ನು ಕಲಿಸಲು ತಿಳಿದಿರುವುದು ಇನ್ನೊಂದು, ಈ ಎರಡೂ ಬೆರೆತು ಹುಟ್ಟುವ ವಿಶೇಷ ಜ್ಞಾನವೇ ಶಿಕ್ಷಕನ ನಿಜವಾದ ಬಂಡವಾಳ ಎಂದು ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಬರೆದರು. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಅದಕ್ಕೆ ತಂತ್ರಜ್ಞಾನದ ತಿಳಿವನ್ನೂ ಸೇರಿಸಿ, ಮೂರೂ ಒಂದರ ಮೇಲೊಂದು ಬಿದ್ದಿರುವ ವೃತ್ತಗಳಂತೆ ಕೆಲಸ ಮಾಡಬೇಕೆಂದು ವಿವರಿಸಿದರು. ಟಿಪ್ಯಾಕ್ ಎಂಬ ಹೆಸರಿನಲ್ಲಿ ಪ್ರಶಿಕ್ಷಣಾರ್ಥಿಗಳು ಪರೀಕ್ಷೆಗೆ ಓದುವುದು ಇದನ್ನೇ. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಶಿಕ್ಷಕರ ತಂತ್ರಜ್ಞಾನ ಸಾಮರ್ಥ್ಯದ ಚೌಕಟ್ಟಿನಲ್ಲಿಯೂ ಮೂರು ಹಂತಗಳಲ್ಲಿ 18 ಸಾಮರ್ಥ್ಯಗಳಿವೆ. ಸಾಧನಗಳನ್ನು ನಡೆಸುವ ಕೌಶಲ ಅದರ ಆರು ಆಯಾಮಗಳಲ್ಲಿ ಒಂದು ಮಾತ್ರ, ಉಳಿದವು ಪಠ್ಯಕ್ರಮ ಮತ್ತು ಮೌಲ್ಯಮಾಪನ, ಬೋಧನಾ ಕ್ರಮ, ಶಾಲಾ ವ್ಯವಸ್ಥೆ, ನೀತಿಯ ಅರಿವು, ಶಿಕ್ಷಕರ ವೃತ್ತಿಪರ ಕಲಿಕೆ ಇವುಗಳಿಗೆ ಸಂಬಂಧಿಸಿವೆ. ಮೂರು ವೃತ್ತಗಳ ಚಿತ್ರವನ್ನು ಉತ್ತರಪತ್ರಿಕೆಯಲ್ಲಿ ಅಚ್ಚುಕಟ್ಟಾಗಿ ಬರೆಯುವ ನಾವು ಆ ವೃತ್ತಗಳು ಕೂಡುವ ಜಾಗದಲ್ಲಿ ನಿಂತು ಒಂದು ಪಾಠವನ್ನಾದರೂ ಮಾಡಿದ್ದೇವೆಯೇ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಅಂತಹ ಪಾಠ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜಿಯೋಜೀಬ್ರಾ ಎಂಬ ಉಚಿತ ಗಣಿತ ತಂತ್ರಾಂಶವನ್ನು ಹಲವರು ಬಲ್ಲರು. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 2001ರಲ್ಲಿ ಅದನ್ನು ಆರಂಭಿಸಿದರು. ಬ್ರೌಸರ್‌ನಲ್ಲಿಯೇ ತೆರೆದು, ಮೂರು ಬಿಂದುಗಳನ್ನು ಇಟ್ಟು ತ್ರಿಭುಜ ಎಳೆದು, ಮೂರು ಕೋನಗಳ ಅಳತೆ ಕಾಣುವಂತೆ ಮಾಡುವುದನ್ನು ಯಾರಾದರೂ ಸ್ವಲ್ಪ ಹೊತ್ತಿನಲ್ಲಿ ಕಲಿಯಬಹುದು. ಕಂಪ್ಯೂಟರ್ ಅವಧಿಯ ಕಲಿಕೆ ಅಲ್ಲಿಗೆ ಮುಗಿಯುತ್ತದೆ. ಗಣಿತ ಶಿಕ್ಷಕನ ಕಲಿಕೆ ಶುರುವಾಗುವುದೇ ಅಲ್ಲಿಂದ. ಒಂದು ಶೃಂಗವನ್ನು ಹಿಡಿದು ಎಳೆದಾಗ ಕೋನಗಳು ಬದಲಾಗುತ್ತ ಹೋಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಳೆಯುವ ಮೊದಲು ಏನಾಗಬಹುದೆಂದು ಮಕ್ಕಳಿಂದ ಊಹೆ ಬರೆಸಬೇಕೇ, ಎಳೆದ ಮೇಲೆ ಕೇಳಬೇಕೇ? ಎಳೆಯುವವರು ಶಿಕ್ಷಕರೇ, ವಿದ್ಯಾರ್ಥಿಗಳೇ? ಶೃಂಗವನ್ನು ಎದುರಿನ ಬಾಹುವಿನ ಮೇಲೆಯೇ ತಂದು ಇಟ್ಟರೆ ತ್ರಿಭುಜವೇ ಕಾಣೆಯಾಗಿ ಒಂದು ಕೋನ 180, ಉಳಿದೆರಡು ಸೊನ್ನೆ ಆಗುತ್ತವಲ್ಲ, ಆ ಸ್ಥಿತಿಯನ್ನು ತರಗತಿಯಲ್ಲಿ ತೋರಿಸುವುದರಿಂದ ಅನುಕೂಲವೇ, ಗೊಂದಲವೇ? ಈ ಪ್ರಶ್ನೆಗಳಿಗೆ ಯಾವ ಗುಂಡಿ ಒತ್ತಿದರೂ ಉತ್ತರ ಸಿಗುವುದಿಲ್ಲ.

ಇದೇ ಪಾಠದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ದಶಮಾಂಶ ಸ್ಥಾನಗಳು ಬೇಡವೆಂದು ಇಟ್ಟಿದ್ದರೆ 45.6, 64.7 ಮತ್ತು 69.7 ಡಿಗ್ರಿಯ ಕೋನಗಳು ಪರದೆಯ ಮೇಲೆ 46, 65 ಮತ್ತು 70 ಎಂದು ಕಾಣುತ್ತವೆ. ಕೂಡಿದ ವಿದ್ಯಾರ್ಥಿಗೆ 181 ಸಿಗುತ್ತದೆ. ನಿಜವಾದ ಮೊತ್ತ 180ಕ್ಕೆ ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲ, ಆದರೆ ಪರದೆ ಬೇರೆಯದನ್ನು ಹೇಳುತ್ತಿದೆ. ಇದಕ್ಕೆ ಸಿದ್ಧರಾಗಿಲ್ಲದ ಶಿಕ್ಷಕರು ಕಂಪ್ಯೂಟರ್ ತಪ್ಪು ಮಾಡಿತು ಎಂದು ಹೇಳಿ ಮುಂದೆ ಹೋಗಬಹುದು. ಸಿದ್ಧರಾಗಿರುವವರು ಅದೇ 181ನ್ನು ಹಿಡಿದುಕೊಂಡು ಅಳತೆಗೂ ತರ್ಕದಿಂದ ಮಾಡುವ ಸಾಧನೆಗೂ ಇರುವ ವ್ಯತ್ಯಾಸವನ್ನು ತೆರೆದಿಡಬಹುದು. ಎಷ್ಟು ತ್ರಿಭುಜಗಳನ್ನು ಅಳೆದರೂ ಎಲ್ಲ ತ್ರಿಭುಜಗಳಿಗೂ ಇದು ನಿಜ ಎಂದು ಸಾಧಿಸಿದಂತೆ ಆಗುವುದಿಲ್ಲ, ಅದಕ್ಕೆ ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳನ್ನು ನೋಡಬೇಕು ಎಂಬ ಮಾತಿಗೆ ವಿದ್ಯಾರ್ಥಿಗಳು ಆಗ ತಾವಾಗಿಯೇ ಬಂದು ನಿಲ್ಲುತ್ತಾರೆ. ಸೆಟ್ಟಿಂಗ್‌ನ ಒಂದು ಆಯ್ಕೆ ಗಣಿತದ ಅಷ್ಟು ದೊಡ್ಡ ವಿಚಾರಕ್ಕೆ ಬಾಗಿಲಾಗಬಹುದು ಎಂಬುದನ್ನು ನನಗೆ ತಿಳಿಸಿಕೊಟ್ಟವರು ಗಣಿತ ಬೋಧನಾ ವಿಧಾನದ ಅಧ್ಯಾಪಕರು. ಕಂಪ್ಯೂಟರ್ ತರಗತಿಯಲ್ಲಿ ಅದು ತಿಳಿಯುವ ಸಾಧ್ಯತೆಯೇ ಇರಲಿಲ್ಲ, ಏಕೆಂದರೆ ಅಲ್ಲಿ ಯಾರೂ ತ್ರಿಭುಜದ ಬಗ್ಗೆ ಯೋಚಿಸುತ್ತಿರಲಿಲ್ಲ.

ಆನ್‌ಲೈನ್ ರಸಪ್ರಶ್ನೆಗಳ ವಿಷಯದಲ್ಲಿಯೂ ಇದೇ ಮಾತು. ಗೂಗಲ್ ಫಾರ್ಮ್ಸ್ ಆಗಲಿ, ಆನ್‌ಲೈನ್ ಕಲಿಕೆ ನಡೆಸುವ ತಂತ್ರಾಂಶವಾದ ಮೂಡಲ್ ಆಗಲಿ, ಬಹು ಆಯ್ಕೆಯ ಪ್ರಶ್ನೆಗಳನ್ನು ಹಾಕಿ ಸರಿ ಉತ್ತರಕ್ಕೆ ಗುರುತು ಮಾಡಿ ಲಿಂಕ್ ಕಳುಹಿಸುವುದು ಕಷ್ಟದ ಕೆಲಸವಲ್ಲ. ಅಂಕಗಳನ್ನು ತಂತ್ರಾಂಶವೇ ಲೆಕ್ಕ ಹಾಕುವುದರಿಂದ ಶಿಕ್ಷಕರ ಸಮಯ ಉಳಿಯುತ್ತದೆ ಎಂಬುದೂ ನಿಜ. ಆದರೆ ಸಮಯ ಉಳಿಸುವುದೊಂದೇ ಅದರ ಗುಣವಾದರೆ ನಾವು ಅದನ್ನು ಅರೆಬರೆಯಾಗಿ ಕಲಿತಂತೆ. 1/2 ಮತ್ತು 1/3 ಕೂಡಿದರೆ ಎಷ್ಟು ಎಂಬ ಪ್ರಶ್ನೆಗೆ ಸರಿ ಉತ್ತರ 5/6. ಉಳಿದ ಮೂರು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ತುಂಬಿದರೆ ತಪ್ಪು ಮಾಡಿದವರ ಸಂಖ್ಯೆ ತಿಳಿಯುತ್ತದೆ, ಅಷ್ಟೇ. ಅವೇ ಜಾಗಗಳಲ್ಲಿ 2/5, 2/6 ಮತ್ತು 1/6 ಇಟ್ಟು ನೋಡಿ. 2/5 ಆರಿಸಿದ ವಿದ್ಯಾರ್ಥಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾನೆ. 2/6 ಆರಿಸಿದವನಿಗೆ ಸಮಾನ ಛೇದ ಬೇಕೆಂಬುದು ಗೊತ್ತು, ಆದರೆ ಛೇದ ಬದಲಾದಾಗ ಅಂಶವೂ ಬದಲಾಗಬೇಕೆಂಬುದು ತಿಳಿದಿಲ್ಲ. 1/6 ಆರಿಸಿದವನು ಬಹುಶಃ ಗುಣಿಸಿದ್ದಾನೆ. ಮೂವರಿಗೂ ಸೊನ್ನೆ ಅಂಕವೇ ಬಂದಿರುತ್ತದೆ, ಮೂವರಿಗೂ ಬೇಕಾದ ಪಾಠ ಮಾತ್ರ ಬೇರೆ ಬೇರೆ.

ಫಾರ್ಮ್ ತೋರಿಸುವ ನಕ್ಷೆಯಲ್ಲಿ 2/5ರ ಪಟ್ಟಿ ಉದ್ದವಾಗಿದ್ದರೆ ನಾಳಿನ ಪಾಠ ಎಲ್ಲಿಂದ ಶುರುವಾಗಬೇಕೆಂದು ಶಿಕ್ಷಕರಿಗೆ ಇಂದೇ ಗೊತ್ತಾಗುತ್ತದೆ. ಈ ಸಾಧನದ ಶಕ್ತಿ ಇರುವುದು ಇಲ್ಲಿ. ಇದನ್ನು ಬಳಸಿಕೊಳ್ಳಲು ಫಾರ್ಮಿನ ಪರಿಚಯಕ್ಕಿಂತ ಭಿನ್ನರಾಶಿಯಲ್ಲಿ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಎಂಬ ಪರಿಚಯ ಹೆಚ್ಚು ಬೇಕು. ಪ್ರಶ್ನೆ ಕೇಳುವುದು ಕೇವಲ ಅಳೆಯುವ ಕ್ರಿಯೆಯಲ್ಲ, ಕಲಿಸುವ ಕ್ರಿಯೆಯೂ ಹೌದು ಎಂಬುದಕ್ಕೂ ಗಟ್ಟಿಯಾದ ಆಧಾರವಿದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ಹೀಗಿರುವಾಗ ಆನ್‌ಲೈನ್ ರಸಪ್ರಶ್ನೆಯನ್ನು ಘಟಕದ ಕೊನೆಯಲ್ಲಿ ಒಮ್ಮೆ ಅಂಕಕ್ಕಾಗಿ ಕೊಡುವುದಕ್ಕಿಂತ, ಅಂಕವಿಲ್ಲದೆ, ಕೆಲವು ದಿನಗಳ ಅಂತರ ಬಿಟ್ಟು, ಹಿಂದಿನ ಪಾಠಗಳ ಪ್ರಶ್ನೆಗಳನ್ನೂ ಬೆರೆಸಿ ಕೊಡುವುದು ಮೇಲು. ಲೀಡರ್‌ಬೋರ್ಡ್ (ಯಾರು ಮುಂದಿದ್ದಾರೆಂದು ತೋರಿಸುವ ಪಟ್ಟಿ) ಹಾಕಿ ಯಾರು ಮೊದಲು ಒತ್ತಿದರು ಎಂದು ಅಂಕ ಕೊಡುವ ಆಟಗಳು ತರಗತಿಯಲ್ಲಿ ಉತ್ಸಾಹ ತರುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಧಾನವಾಗಿ ಯೋಚಿಸುವ ಮಗುವಿಗೆ ಅಲ್ಲಿ ಜಾಗವಿದೆಯೇ ಎಂದು ಕೇಳಿಕೊಳ್ಳದೆ ಅವನ್ನು ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾಷಾ ಬೋಧನೆಯಲ್ಲಿ ಹಂಚಿಕೊಂಡ ದಾಖಲೆಗಳಿಂದ ಆಗುವ ಉಪಯೋಗವನ್ನೂ ಒಂದು ಮಾತಿನಲ್ಲಿ ಹೇಳಬೇಕು. ನಾಲ್ವರು ವಿದ್ಯಾರ್ಥಿಗಳು ಒಂದೇ ದಾಖಲೆಯಲ್ಲಿ ಪ್ರಬಂಧ ಬರೆದಾಗ ಅದರ ಆವೃತ್ತಿಗಳ ಇತಿಹಾಸ ತೆರೆದರೆ ಯಾರು ಯಾವಾಗ ಏನನ್ನು ಬರೆದರು, ಯಾವ ವಾಕ್ಯವನ್ನು ತಿದ್ದಿದರು ಎಂಬುದು ಕಾಣುತ್ತದೆ. ಮುಗಿದ ಪ್ರಬಂಧವನ್ನಷ್ಟೇ ನೋಡುತ್ತಿದ್ದ ಶಿಕ್ಷಕರು ಬರವಣಿಗೆ ಬೆಳೆದ ದಾರಿಯನ್ನೂ ನೋಡಬಹುದು.

ಇನ್ನು ಸಾಧನಗಳ ಹೆಸರನ್ನೇ ಕಲಿಸುವ ಕ್ರಮದ ಬಗ್ಗೆ ನನಗಿರುವ ದೊಡ್ಡ ಆಕ್ಷೇಪಣೆಗೆ ಬರುತ್ತೇನೆ. ಈ ಸಾಧನಗಳು ಬಾಳುವುದಿಲ್ಲ. ಶಿಕ್ಷಕರು ತರಗತಿಯ ಪುಟಗಳನ್ನು ಕಟ್ಟಲು ನೆಚ್ಚಿಕೊಂಡಿದ್ದ ವಿಕಿಸ್ಪೇಸಸ್ 2018ರಲ್ಲಿ ಮುಚ್ಚಲು ಶುರುವಾಯಿತು. ಬ್ರೌಸರ್‌ಗಳಲ್ಲಿ ಸಾವಿರಾರು ಪಾಠಗಳನ್ನೂ ಆಟಗಳನ್ನೂ ನಡೆಸುತ್ತಿದ್ದ ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು. ತರಗತಿಗಳ ಜಾಲತಾಣವಾಗಿದ್ದ ಎಡ್ಮೋಡೊ 2022ರಲ್ಲಿ ಸ್ಥಗಿತವಾಯಿತು, ಗೂಗಲ್‌ನ ಆನ್‌ಲೈನ್ ಬರೆಯುವ ಹಲಗೆ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತುಹೋಯಿತು. ಇವುಗಳ ಗುಂಡಿಗಳನ್ನು ಬಾಯಿಪಾಠ ಮಾಡಿ ಪ್ರಮಾಣಪತ್ರ ಪಡೆದವರ ಕಲಿಕೆಯ ಗತಿ ಏನು? ಇವುಗಳಲ್ಲಿ ಪಾಠ ಸಾಮಗ್ರಿ ತುಂಬಿಟ್ಟವರ ಪೈಕಿ ಸಮಯಕ್ಕೆ ಸರಿಯಾಗಿ ಅದನ್ನು ಇಳಿಸಿಕೊಂಡವರದು ಉಳಿಯಿತು, ಉಳಿದವರದು ಹೋಯಿತು. ಅದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಅನುಕರಣ ಪ್ರಯೋಗಗಳು ಮೊದಲು ಜಾವಾ ಮತ್ತು ಫ್ಲ್ಯಾಶ್‌ನಲ್ಲಿದ್ದವು. ಆ ತಂತ್ರಗಳಿಗೆ ಕಾಲ ಮುಗಿಯುತ್ತಿರುವುದನ್ನು ಕಂಡು ಯೋಜನೆಯವರು ಅನೇಕ ಪ್ರಯೋಗಗಳನ್ನು ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ರಲ್ಲಿ ಹೊಸದಾಗಿ ಬರೆದರು. ಹಾಗಾಗಿ ವಿದ್ಯುನ್ಮಂಡಲದ ಪ್ರಯೋಗ ಇಂದಿಗೂ ಬ್ರೌಸರ್‌ನಲ್ಲಿ ತೆರೆಯುತ್ತದೆ, ಮೊಬೈಲ್‌ನಲ್ಲಿಯೂ ತೆರೆಯುತ್ತದೆ, ಇಳಿಸಿಕೊಂಡರೆ ಸಂಪರ್ಕವಿಲ್ಲದಿದ್ದರೂ ನಡೆಯುತ್ತದೆ.

ಆದ್ದರಿಂದ ಒಂದು ಸಾಧನವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಪ್ರಶಿಕ್ಷಣಾರ್ಥಿಗೆ ಮೊದಲು ಕಲಿಸಬೇಕು. ಇದರಲ್ಲಿ ನಾನು ಮಾಡಿದ್ದನ್ನು ಸಾಮಾನ್ಯ ರೂಪದ ಕಡತವಾಗಿ ಹೊರತೆಗೆಯಬಹುದೇ? ಇದು ಮುಕ್ತ ತಂತ್ರಾಂಶವೇ, ಅಂದರೆ ನಾಳೆ ಒಂದು ಸಂಸ್ಥೆ ಕೈಬಿಟ್ಟರೂ ಇನ್ನೊಬ್ಬರು ನಡೆಸಿಕೊಂಡು ಹೋಗಬಹುದೇ? ವಿದ್ಯಾರ್ಥಿ ಖಾತೆ ತೆರೆಯದೆ ಇದನ್ನು ಬಳಸಬಹುದೇ? ಮೂಡಲ್‌ನ ಮೊದಲ ಆವೃತ್ತಿ 2002ರಲ್ಲಿ ಬಂದದ್ದು ಇಂದಿಗೂ ಜಗತ್ತಿನ ಅಸಂಖ್ಯ ಸಂಸ್ಥೆಗಳಲ್ಲಿ ನಡೆಯುತ್ತಿರುವುದಕ್ಕೆ ಅದರ ಮೂಲಸಂಕೇತ ಮುಕ್ತವಾಗಿರುವುದೇ ದೊಡ್ಡ ಕಾರಣ. ವರ್ಲ್ಡ್ ವೈಡ್ ವೆಬ್ ಎಂಬುದೇ ಹಾಗೆ ಬೆಳೆದದ್ದು. ಟಿಮ್ ಬರ್ನರ್ಸ್-ಲೀ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಈ ವ್ಯವಸ್ಥೆಯ ತಂತ್ರಾಂಶವನ್ನು ಆ ಸಂಸ್ಥೆ 1993ರ ಏಪ್ರಿಲ್ 30ರಂದು ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಈ ಸಂಗತಿಯನ್ನು ನಾನು ಇತಿಹಾಸದ ಕುತೂಹಲಕ್ಕಾಗಿ ಹೇಳುತ್ತಿಲ್ಲ. ಒಂದು ಸರಳ ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಸ್ವತಃ ಬರೆಯಲು ಕಲಿತ ಶಿಕ್ಷಕರು ಯಾವ ಸಾಧನ ಮುಚ್ಚಿದರೂ ಬರಿಗೈಯಲ್ಲಿ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಶೀರ್ಷಿಕೆ, ಪ್ಯಾರಾ, ಕೊಂಡಿ, ಚಿತ್ರ, ಕೋಷ್ಟಕ ಇಷ್ಟನ್ನು ಕಲಿತರೆ ಸಾಕು.

ಮಕ್ಕಳ ಮಾಹಿತಿಯ ರಕ್ಷಣೆಯ ವಿಷಯದಲ್ಲಿ ತರಬೇತಿಗಳು ತೋರಿಸುವ ಉದಾಸೀನ ನನಗೆ ನಿಜಕ್ಕೂ ಆತಂಕ ತರುತ್ತದೆ. ಫಾರ್ಮಿನ ಉತ್ತರಗಳು ಸೇರುವ ಹಾಳೆಯನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಸ್ಥಿತಿಯಲ್ಲಿ ಬಿಟ್ಟು ಆ ಲಿಂಕನ್ನು ತರಗತಿಯ ಗುಂಪಿಗೆ ಹಾಕಿದರೆ, ಪ್ರತಿ ಮಗುವಿನ ಹೆಸರು, ಅಂಕ, ಕೆಲವೊಮ್ಮೆ ದೂರವಾಣಿ ಸಂಖ್ಯೆಯೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಆ ಲಿಂಕ್ ಗುಂಪಿನಿಂದ ಗುಂಪಿಗೆ ಹೋದರೆ ತಡೆಯುವವರಿಲ್ಲ. ನೋಡುವ ಅನುಮತಿ, ಟಿಪ್ಪಣಿ ಬರೆಯುವ ಅನುಮತಿ, ತಿದ್ದುವ ಅನುಮತಿ ಇವು ಮೂರರ ನಡುವಿನ ವ್ಯತ್ಯಾಸವನ್ನು ಮೊದಲ ದಿನವೇ ಕಲಿಸಬೇಕು. ಹೆಸರಿನ ಬದಲು ಕ್ರಮಸಂಖ್ಯೆ ಸಾಕಾಗುವ ಕಡೆ ಹೆಸರನ್ನು ಕೇಳಲೇಬಾರದು. ಅನೇಕ ಸೇವೆಗಳು 13 ವರ್ಷಕ್ಕಿಂತ ಕಿರಿಯರಿಗೆ ಖಾತೆ ಕೊಡುವುದಿಲ್ಲ ಎಂದು ಷರತ್ತಿನಲ್ಲಿ ಬರೆದಿರುತ್ತವೆ. ಅಮೆರಿಕ 1998ರಲ್ಲಿ ಮಾಡಿದ ಮಕ್ಕಳ ಖಾಸಗಿತನದ ಕಾನೂನು ಅದರ ಹಿನ್ನೆಲೆ. ಪಾಠದ ಅವಸರದಲ್ಲಿ ಮಕ್ಕಳಿಂದ ಸುಳ್ಳು ಜನ್ಮದಿನಾಂಕ ತುಂಬಿಸಿ ಖಾತೆ ತೆರೆಸುವುದು ಯಾವ ಪಾಠಕ್ಕೂ ತಕ್ಕ ಬೆಲೆಯಲ್ಲ.

ಚಿತ್ರಗಳ ಹಕ್ಕಿನ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಹುಡುಕಾಟದಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಲ್ಲಿ ಹೊರತಂದ, ಕೃತಿಯನ್ನು ಇತರರು ಬಳಸಲು ಅನುಮತಿ ಕೊಡುವ ಪರವಾನಗಿಗಳ ಅರ್ಥ ತಿಳಿದಿದ್ದರೆ, ಮೂಲ ಕರ್ತೃವಿನ ಹೆಸರನ್ನು ಹಾಕುವ ರೂಢಿ ಇದ್ದರೆ, ಶಿಕ್ಷಕರಿಗೆ ಬೇಕಾದಷ್ಟು ಸಾಮಗ್ರಿ ಧಾರಾಳವಾಗಿ ಸಿಗುತ್ತದೆ.

ಆದರೆ ಎಲ್ಲರಿಗೂ ತಲುಪುವಂತೆ ಸಾಮಗ್ರಿ ತಯಾರಿಸುವ ವಿಚಾರದಲ್ಲಿ ಅಷ್ಟು ಬೇಗ ಮಾತು ಮುಗಿಸಲಾರೆ. ನಾವು ಹಂಚುವ ಟಿಪ್ಪಣಿಗಳಲ್ಲಿ ಬಹಳಷ್ಟು ಪುಸ್ತಕದ ಪುಟವನ್ನು ಫೋಟೊ ತೆಗೆದು ಪಿಡಿಎಫ್ ಮಾಡಿದವು. ಕಣ್ಣು ಕಾಣುವವರಿಗೆ ಅದು ಪುಟ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನ ವಿದ್ಯಾರ್ಥಿಗೆ ಅದು ಒಂದು ಚಿತ್ರ, ಅಕ್ಷರಗಳನ್ನು ಗುರುತಿಸುವ ತಂತ್ರಾಂಶದ ನೆರವಿಲ್ಲದೆ ಅದರೊಳಗೆ ಓದಲು ಏನೂ ಇಲ್ಲ. ಅದೇ ಪಠ್ಯವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಶೀರ್ಷಿಕೆಗಳನ್ನು ಕೇವಲ ದಪ್ಪಕ್ಷರದಲ್ಲಿ ತೋರಿಸದೆ ಶೀರ್ಷಿಕೆಯ ಶೈಲಿಯಲ್ಲೇ ಇಟ್ಟು, ಚಿತ್ರಗಳಿಗೆ ಪರ್ಯಾಯ ಪಠ್ಯ (ಚಿತ್ರದಲ್ಲಿರುವುದನ್ನು ಮಾತಿನಲ್ಲಿ ಹೇಳುವ ಸಾಲು) ಬರೆದರೆ ಆ ವಿದ್ಯಾರ್ಥಿ ತನಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಿ ಓದಬಲ್ಲಳು. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಿಂದ ಇದಕ್ಕೆ ಮಾರ್ಗಸೂಚಿಗಳನ್ನು ಪ್ರಕಟಿಸುತ್ತ ಬಂದಿದೆ; 2008ರಲ್ಲಿ ಎರಡನೆಯ ಆವೃತ್ತಿ ಬಂತು, 2023ರಲ್ಲಿ 2.2 ಬಂತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು ಎಂಬುದು ಅದರ ಎಎ ಮಟ್ಟದ ನಿಯಮಗಳಲ್ಲೊಂದು. ಬಿಳಿ ಹಿನ್ನೆಲೆಯ ಮೇಲೆ ತೆಳು ಹಳದಿಯ ಅಥವಾ ತೆಳು ಬೂದಿಯ ಅಕ್ಷರಗಳು ಈ ನಿಯಮಕ್ಕೆ ನಿಲ್ಲುವುದಿಲ್ಲ, ಹಿಂದಿನ ಸಾಲಿನಲ್ಲಿ ಕುಳಿತ ಮಗುವಿನ ಕಣ್ಣಿಗೂ ನಿಲ್ಲುವುದಿಲ್ಲ. ಪರ್ಯಾಯ ಪಠ್ಯ ಬರೆಯುವುದು ಬೋಧನೆಯ ಅಭ್ಯಾಸವೂ ಹೌದು. ಹೃದಯದ ಚಿತ್ರಕ್ಕೆ ‘ಹೃದಯದ ಚಿತ್ರ’ ಎಂದು ಬರೆದರೆ ಏನನ್ನೂ ಹೇಳಿದಂತಾಗದು. ಎಡ ಹೃತ್ಕುಕ್ಷಿಯ ಗೋಡೆ ಬಲಕ್ಕಿಂತ ದಪ್ಪವಿರುವುದನ್ನು ತೋರಿಸುವ ಸೀಳುಚಿತ್ರ ಎಂದು ಬರೆಯಲು ಹೊರಟವರು ಆ ಚಿತ್ರವನ್ನು ಪಾಠದಲ್ಲಿ ಏಕೆ ಇಟ್ಟಿದ್ದೇವೆ ಎಂದು ಮೊದಲು ಯೋಚಿಸಲೇಬೇಕಾಗುತ್ತದೆ.

ಮಾಹಿತಿಯನ್ನು ಪರಿಶೀಲಿಸುವ ಕಲೆಯೂ ಈ ತರಬೇತಿಗೆ ಸೇರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು ಇತಿಹಾಸಕಾರರು, ವಿದ್ಯಾರ್ಥಿಗಳು ಮತ್ತು ವೃತ್ತಿಪರ ಸತ್ಯಶೋಧಕರು ಅಪರಿಚಿತ ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ಹೋಲಿಸಿ ನೋಡಿದಾಗ, ಸತ್ಯಶೋಧಕರು ಆ ಪುಟದಲ್ಲೇ ಉಳಿಯದೆ ಬೇಗನೆ ಹೊರಬಂದು, ಹೊಸ ಟ್ಯಾಬ್‌ಗಳನ್ನು ತೆರೆದು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕುತ್ತಿದ್ದುದು ಕಂಡುಬಂತು. ಉಳಿದವರಲ್ಲಿ ಅನೇಕರು ಪುಟದ ಅಂದಚಂದ, ಲಾಂಛನ, ‘ನಮ್ಮ ಬಗ್ಗೆ’ ಎಂಬ ಭಾಗ ಇವುಗಳನ್ನು ನಂಬಿ ಸಮಯ ಕಳೆದಿದ್ದರು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರ ಬರೆಯುವ ಸಾಧನಗಳು ಪಾಠಯೋಜನೆಯನ್ನೂ ಬರೆದುಕೊಡುತ್ತಿವೆ. ಅವುಗಳಿಂದ ಪ್ರಶ್ನೆಗಳ ಕರಡು ಪಡೆಯುವುದರಲ್ಲಿ ತಪ್ಪೇನಿಲ್ಲ, ಆದರೆ ಅವು ಇಲ್ಲದ ಸಂಗತಿಯನ್ನೂ ಇದೆ ಎಂಬಷ್ಟೇ ಧೈರ್ಯದಿಂದ ಹೇಳುತ್ತವೆ. ಆ ಕರಡಿನಲ್ಲಿ ಯಾವುದು ಸರಿ, ಯಾವುದು ನನ್ನ ತರಗತಿಗೆ ಹೊಂದುತ್ತದೆ ಎಂದು ತೂಗಿ ನೋಡುವುದಕ್ಕೆ ಬೇಕಾದ ತಿಳಿವನ್ನು ತರಬೇತಿ ಕೊಡಬೇಕೇ ಹೊರತು, ಕರಡನ್ನು ಹಾಗೆಯೇ ನಕಲು ಮಾಡಿ ರೆಕಾರ್ಡ್ ತುಂಬುವ ಅಭ್ಯಾಸವನ್ನಲ್ಲ.

ಸಾಧನವನ್ನು ಬಳಸದಿರುವುದೂ ಒಂದು ನಿರ್ಧಾರ ಎಂಬುದನ್ನು ತರಬೇತಿಗಳು ಒಪ್ಪಿಕೊಳ್ಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಅಭ್ಯಾಸ ಪಾಠದ ಮೌಲ್ಯಮಾಪನ ನಮೂನೆಯಲ್ಲಿ ‘ತಂತ್ರಜ್ಞಾನ ಬಳಸಲಾಗಿದೆಯೇ’ ಎಂದು ಕೇಳಿ ಹೌದೆಂದರೆ ಅಂಕ ಕೊಡುವ ಕ್ರಮವಿದ್ದರೆ, ಅಗತ್ಯವಿಲ್ಲದ ಕಡೆಯೂ ವೀಡಿಯೊ ಬಂದು ಕೂರುತ್ತದೆ. ಬೀಜ ಮೊಳೆಯುವುದನ್ನು ಒದ್ದೆ ಬಟ್ಟೆಯಲ್ಲಿ ಕೈಯಾರೆ ಇಟ್ಟು ದಿನವೂ ನೋಡಬಹುದಾದಾಗ ಅದರ ವೀಡಿಯೊ ಬದಲಿಯಾಗಲಾರದು. ವಿದ್ಯುತ್ ತಂತಿಯೊಳಗೆ ಎಲೆಕ್ಟ್ರಾನ್‌ಗಳ ಚಲನೆಯನ್ನು ಕಣ್ಣಿನಿಂದ ನೋಡಲಾಗದಾದ್ದರಿಂದ ಅಲ್ಲಿ ಅನುಕರಣ ಪ್ರಯೋಗಕ್ಕೆ ಅರ್ಥವಿದೆ, ಆದರೂ ನಿಜವಾದ ಬಲ್ಬ್, ಸೆಲ್ ಮತ್ತು ತಂತಿಯನ್ನು ಮಕ್ಕಳ ಕೈಗೆ ಮೊದಲು ಕೊಟ್ಟು ಆಮೇಲೆ ಪರದೆಗೆ ಬರುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಸಂಪರ್ಕ ಕೈಕೊಟ್ಟಾಗ ಪಾಠ ನಿಲ್ಲದಂತೆ ನೋಡಿಕೊಳ್ಳುವುದನ್ನೂ ಪಾಠಯೋಜನೆಯಲ್ಲೇ ಬರೆಸಬೇಕು. ಕಿವಿಕ್ಸ್‌ನಂತಹ ತಂತ್ರಾಂಶದಿಂದ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಂಡು ಅಂತರ್ಜಾಲವಿಲ್ಲದೆ ಓದಬಹುದು ಎಂಬುದು ಎಷ್ಟೋ ಶಿಕ್ಷಕರಿಗೆ ಇನ್ನೂ ತಿಳಿದಿಲ್ಲ.

ಇದೆಲ್ಲಕ್ಕೂ ಬೋಧನಾ ವಿಧಾನದ ಅಧ್ಯಾಪಕರು ಸಿದ್ಧರಿರಬೇಕಾಗುತ್ತದೆ. ಗಣಿತದ ಅಧ್ಯಾಪಕರು ಸಾಧನವನ್ನು ಕಂಪ್ಯೂಟರ್ ಅಧ್ಯಾಪಕರಿಗೆ, ಕಂಪ್ಯೂಟರ್ ಅಧ್ಯಾಪಕರು ಗಣಿತವನ್ನು ಗಣಿತದವರಿಗೆ ಬಿಟ್ಟುಕೊಡುವವರೆಗೆ ಪ್ರಶಿಕ್ಷಣಾರ್ಥಿ ಎರಡರ ನಡುವೆ ಒಂಟಿಯಾಗಿಯೇ ಇರುತ್ತಾನೆ. ಇಬ್ಬರೂ ಒಟ್ಟಿಗೆ ಕುಳಿತು ಒಂದು ಘಟಕಕ್ಕೆ ಪಾಠಯೋಜನೆ ಬರೆದು, ಅದನ್ನು ನಮ್ಮ ಕಣ್ಣೆದುರೇ ತರಗತಿಯಲ್ಲಿ ನಡೆಸಿ, ಎಲ್ಲಿ ತೊಡಕಾಯಿತೆಂದು ನಮ್ಮೊಂದಿಗೆ ಮಾತಾಡಿದರೆ ಅದರಿಂದ ಸಿಗುವ ಕಲಿಕೆ ಯಾವ ಕಾರ್ಯಾಗಾರದಿಂದಲೂ ಸಿಗದು. ಹಿರಿಯ ಶಿಕ್ಷಕರಿಗೆ ತಂತ್ರಜ್ಞಾನ ಬರುವುದಿಲ್ಲ, ಕಿರಿಯರಿಗೆ ತಾನಾಗಿ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೊಬೈಲ್‌ನಲ್ಲಿ ದಿನವಿಡೀ ಇರುವ ನನ್ನ ವಯಸ್ಸಿನವರಲ್ಲಿ ಅನೇಕರಿಗೆ ಭಿನ್ನರಾಶಿಯ ಪ್ರಶ್ನೆಗೆ ಒಳ್ಳೆಯ ತಪ್ಪು ಆಯ್ಕೆಗಳನ್ನು ಬರೆಯಲು ಬಾರದು. ಮಕ್ಕಳ ತಪ್ಪುಗಳನ್ನು ವರ್ಷಗಟ್ಟಲೆ ತಿದ್ದಿರುವ ಹಿರಿಯ ಶಿಕ್ಷಕರಿಗೆ ಅದು ನಾಲಿಗೆಯ ತುದಿಯಲ್ಲಿರುತ್ತದೆ. ಫಾರ್ಮ್ ತೆರೆಯುವುದನ್ನು ನಾವು ಅವರಿಗೆ ತೋರಿಸಬಹುದು, ಅದರಲ್ಲಿ ಏನು ಕೇಳಬೇಕೆಂಬುದನ್ನು ಅವರು ನಮಗೆ ಹೇಳಿಕೊಡಬಹುದು.

ರೆಕಾರ್ಡ್ ಪುಸ್ತಕ ಬೇಡವೆಂದು ನಾನು ಹೇಳುತ್ತಿಲ್ಲ. ಅದರೊಳಗಿನ ಪುಟ ಬದಲಾಗಲಿ. ಪರದೆಯ ಚಿತ್ರ ಅಂಟಿಸುವ ಜಾಗದಲ್ಲಿ, ಆ ಸಾಧನವನ್ನು ಯಾವ ಕಲಿಕಾಂಶಕ್ಕಾಗಿ ಆರಿಸಲಾಯಿತು, ಬಳಸಿದಾಗ ಮಕ್ಕಳು ಏನು ಹೇಳಿದರು, ಏನು ಬರೆದರು, ಯಾರಿಗೆ ಅದು ತಲುಪಲಿಲ್ಲ, ಮರುದಿನದ ಪಾಠವನ್ನು ಅದರಿಂದಾಗಿ ಹೇಗೆ ಬದಲಿಸಲಾಯಿತು ಎಂಬುದನ್ನು ಬರೆಸಲಿ. ಅಂಕವನ್ನೂ ಅದಕ್ಕೇ ಕೊಡಲಿ. ತರಬೇತಿಯ ಪಠ್ಯಕ್ರಮ ರೂಪಿಸುವವರು ಮನಸ್ಸು ಮಾಡಿದರೆ ಇದಕ್ಕೆ ಹೊಸ ಯಂತ್ರಗಳೂ ಬೇಕಿಲ್ಲ, ಹೆಚ್ಚಿನ ಅವಧಿಯೂ ಬೇಕಿಲ್ಲ. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿಯೂ ಹೊಸ ಆ್ಯಪ್‌ಗಳ ಪರಿಚಯದ ಜೊತೆಗೆ, ತರಗತಿಯಲ್ಲಿ ಅವನ್ನು ನಿಜವಾಗಿ ಬಳಸಿದ ಶಿಕ್ಷಕರ ಒಂದೊಂದು ಪಾಠಯೋಜನೆಯನ್ನು, ಅದು ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬ ಟಿಪ್ಪಣಿಯೊಂದಿಗೆ ಆಗಾಗ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕ ಪ್ರಶಿಕ್ಷಣಾರ್ಥಿ